ಮಂಗಳವಾರದ ಬ್ಯಾನಿ

ನಮ್ಮ ಕಾಕಾ ಕಾರಿನ ಜ್ವರವನ್ನು ಬಾಲದ ಕಡೆಯಿಂದ ನೋಡುತ್ತಾರೆ. ಹೊಗೆ ಕೊಳವೆಯ ಬಾಯಿಗೆ ಅಂಗೈ ಒಡ್ಡಿ, ಕುಕ್ಕರಗಾಲಿನಲ್ಲಿ ಕೂತು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತಾದ ಮೇಲೆ ‘ಮೈ ಬೆಚ್ಚಗದ, ಆದರ ಕಸುವಿಲ್ಲ’ ಎಂದು ಎದ್ದು ನಿಲ್ಲುತ್ತಾರೆ. ನೀವು ನಗಬಹುದು. ಅವರೆದುರು ನಗುವ ಧೈರ್ಯ ಮಾತ್ರ ನೆಲೋಗಿಯಲ್ಲಿ ಯಾರಿಗೂ ಇಲ್ಲ. ಊರಿನ ಅರ್ಧ ದನಗಳು ಭೂಮಿಗೆ ಬಿದ್ದದ್ದೇ ಅವರ ಕೈಯಲ್ಲಿ. ಅವುಗಳ ಮಾಲಕರು ಯಾವ ಬಾಯಿಂದ ನಕ್ಕಾರು!

ಕಾಕಾ ಪಶು ಆಸ್ಪತ್ರೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕುಗಳ ಎತ್ತು ಎಮ್ಮೆಗಳ ನಾಲಗೆ ನೋಡಿ ನಿವೃತ್ತರಾದರು. ಸರಕಾರ ಅವರನ್ನು ಡಾಕ್ಟರ್ ಎಂದು ಕರೆಯಲಿಲ್ಲ, ಜನ ಬೇರೆ ಏನೆಂದೂ ಕರೆಯಲಿಲ್ಲ. ಅವರ ಪದ್ಧತಿ ಒಂದೇ: ‘ಮೊದಲ ಕೇಳು, ಆಮ್ಯಾಲೆ ನೋಡು, ಆಮ್ಯಾಲೆ ಮುಟ್ಟು. ಮದ್ದು ಕಡೀಗಿ.’ ಭೂಸನೂರಿನಲ್ಲಿ ಇದ್ದಾಗ, ಫ್ಯಾಕ್ಟರಿಗೆ ಕಬ್ಬಿನ ಗಾಡಿ ಎಳೆಯುತ್ತಿದ್ದ ಎತ್ತೊಂದು ಮೇವು ಬಿಟ್ಟು ಮಲಗಿತ್ತಂತೆ. ಇಂಜೆಕ್ಷನ್ ಆಯಿತು, ಕಷಾಯ ಆಯಿತು, ತಾಯತ ಕೂಡ ಆಯಿತು. ಕಾಕಾ ಹೋಗಿ ಅರ್ಧ ದಿನ ಬರೀ ಪ್ರಶ್ನೆ ಕೇಳಿದರು. ಕೊನೆಗೆ ತಿಳಿದದ್ದು, ಜೊತೆಯ ಎತ್ತನ್ನು ಮಾಲಕ ಮಾರಿಬಿಟ್ಟಿದ್ದ. ಕಾಕಾ ಪಕ್ಕದ ಮನೆಯ ಎತ್ತೊಂದನ್ನು ತರಿಸಿ ಬಗಲಿಗೆ ಕಟ್ಟಿಸಿದರು. ಸಂಜೆಗೆ ಅದು ಎದ್ದು ನೀರು ಕುಡಿಯಿತು. ‘ಮದ್ದಿನ ಹೆಸರೇನ್ರಿ ಡಾಕ್ಟರ್?’ ಎಂದು ಮಾಲಕ ಕೇಳಿದರೆ, ಕಾಕಾ ಚೀಲ ಹೆಗಲಿಗೆ ಹಾಕಿಕೊಳ್ಳುತ್ತ ಹೇಳಿದ್ದು ಒಂದೇ ಮಾತು: ‘ಜೋಡಿ.’

ಇಂಥವರ ಮನೆಯಲ್ಲಿ ನಾನು ಉಳಿದುಕೊಂಡಿದ್ದೇನೆ. ಕಲಬುರಗಿಯಲ್ಲಿ ಗ್ರಂಥಾಲಯ ವಿಜ್ಞಾನ ಓದಿ, ಈಗ ಜೇವರ್ಗಿಯ ಒಂದು ಕಾಲೇಜಿನ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಮಾತು ಕಡಿಮೆ ಇರುವ ಕೆಲಸ, ನನಗೆ ಒಗ್ಗಿದೆ. ಕಾಕಾನ ಮನೆಯನ್ನು ಮಾತು ಕಡಿಮೆ ಇರುವ ಮನೆ ಎಂದು ಯಾರೂ ಹೇಳಲಾರರು. ನಾನು ಬಂದ ಹೊಸದರಲ್ಲಿ ಒಮ್ಮೆ ಜ್ವರ ಬಂದಿತ್ತು. ಕಾಕಾ ಹಾಸಿಗೆಯ ಬಳಿ ನಿಂತು ಗಂಭೀರವಾಗಿ ಕೇಳಿದರು: ‘ಮೆಲುಕು ಹಾಕಾಕತ್ತೀಯೇನು?’ ಕಾಕಿ ಒಳಗಿನಿಂದಲೇ ಕೂಗಿದರು: ‘ಅಕಿ ಹುಡುಗಿ ಅದಾಳ್ರಿ, ಆಕಳಲ್ಲ!’ ಕಾಕಾ ತಮ್ಮ ತಪ್ಪನ್ನು ಒಪ್ಪಿಕೊಂಡು, ಪ್ರಶ್ನೆಯನ್ನು ತಿದ್ದಿ, ‘ಹಂಗಾರ ಊಟ ಮಾಡಿದಿ?’ ಎಂದರು.

ಕಾರು ಬಂದದ್ದು ಆಳಂದದಿಂದ. ಹಳೆಯದು, ಬೆಳ್ಳಿ ಬಣ್ಣದ್ದು, ಪೆಟ್ರೋಲ್ ಕುಡಿಯುವಂಥದ್ದು. ಕಾಕಾ ಅದನ್ನು ಕೊಳ್ಳಲು ಹೋದ ದಿನ ನಾನೂ ಜೊತೆಗಿದ್ದೆ. ಬಾನೆಟ್ ಎತ್ತಿಸಿ ಹಲ್ಲು ನೋಡುವಂತೆ ಇಣುಕಿದರು. ಮುಂದಕ್ಕೆ ನಡೆಸಿ, ಹಿಂದಕ್ಕೆ ತರಿಸಿ, ನಡಿಗೆ ನೋಡಿದರು. ಕೊನೆಗೆ ಬೆಲೆಯ ಮಾತು ಬಂದಾಗ ಹೆಗಲ ಮೇಲಿನ ಟವೆಲ್ ತೆಗೆದು, ಮಾರುವ ತರುಣನ ಕೈ ಮೇಲೆ ಹಾಸಿ, ಅದರ ಕೆಳಗೆ ಅವನ ಬೆರಳು ಹಿಡಿದರು. ದನದ ಸಂತೆಯಲ್ಲಿ ನೋಡುವವರಿಗೆ ತಿಳಿಯದ ಹಾಗೆ ಬೆಲೆ ಕಟ್ಟುವ ಕ್ರಮ ಅದು. ಆ ತರುಣನಿಗೆ ಅದೆಲ್ಲಿ ಗೊತ್ತು! ಅವನು ಬೆದರಿ ನನ್ನ ಮುಖ ನೋಡಿದ. ‘ಹೆದರಬ್ಯಾಡ್ರಿ, ರೇಟು ಹೇಳಾಕತ್ತಾರ’ ಎಂದು ನಾನು ವಿವರಿಸಬೇಕಾಯಿತು.

ಮನೆಗೆ ಬಂದ ಕಾರಿಗೆ ಕಾಕಿ ಆರತಿ ಎತ್ತಿದರು. ಕಾಕಾ ಬಾನೆಟ್ ತೆರೆದು, ಹೊಸ ಸೊಸೆಗೆ ಮನೆಯವರನ್ನು ಪರಿಚಯಿಸುವ ಹಾಗೆ ಒಂದೊಂದೇ ಅಂಗವನ್ನು ಅವರಿಗೆ ತೋರಿಸಿದರು. ಇದು ಹೊಟ್ಟಿ, ಇದು ಪುಪ್ಪಸ, ಇದು ಜೀವ. ಜೀವ ಎಂದದ್ದು ಬ್ಯಾಟರಿಯನ್ನು. ಹಿತ್ತಲ ಕೊಟ್ಟಿಗೆಯಲ್ಲಿ, ಮೊದಲು ಎಮ್ಮೆ ಇದ್ದ ಜಾಗದಲ್ಲಿ, ಅದನ್ನು ನಿಲ್ಲಿಸಿದರು. ಮೇವು ಹಾಕುವ ಗೋದಲಿಯ ಕಡೆಗೆ ಮುಖ ಮಾಡಿ.

ಕಾರಿಗೆ ಬ್ಯಾನಿ ಶುರುವಾದದ್ದು ಮರುವರ್ಷ. ಬೆಳಿಗ್ಗೆ ಚಾವಿ ತಿರುವಿದರೆ ಅದು ನಿದ್ದೆಯಿಂದ ಎಬ್ಬಿಸಿದ ಮುದುಕನಂತೆ ನರಳುತ್ತಿತ್ತು. ಎರಡು ಸಲ ನರಳಿ ಸುಮ್ಮನಾಗುತ್ತಿತ್ತು. ಮತ್ತೆ ತಿರುವಿದರೆ ಮತ್ತೆ ನರಳುತ್ತಿತ್ತು. ಹೇಗೋ ಒಂದು ಸಲ ಕೆಮ್ಮಿ ಎದ್ದುಬಿಟ್ಟರೆ ಮಾತ್ರ ಇಡೀ ದಿನ ತೊಂದರೆಯಿಲ್ಲ. ‘ಏಳೂದು ತಡಾ, ಎದ್ದ ಮ್ಯಾಲೆ ಗಟ್ಟಿ’ ಎಂದು ಕಾಕಾ. ‘ನಿಮ್ಮಂಗ’ ಎಂದು ಕಾಕಿ.

ಹೋದ ವರ್ಷದ ತೊಗರಿ ರಾಶಿಯ ಹೊತ್ತಿನವರೆಗೆ ಅದು ನಗುವ ವಿಷಯವಾಗಿತ್ತು.

ಕಾಕಿಗೆ ದಮ್ಮಿದೆ. ವರ್ಷವೆಲ್ಲ ಹೇಗೋ ನಡೆಯುತ್ತದೆ. ತೊಗರಿ ಒಕ್ಕುವ ರಾಶಿ ಶುರುವಾಗಿ ಹೊಲ ಹೊಲದಲ್ಲಿ ಹೊಟ್ಟು ಎದ್ದಾಗ ಮಾತ್ರ ಎದೆ ಕಟ್ಟುತ್ತದೆ. ಅಂದು ಬೆಳಕು ಹರಿಯುವ ಮೊದಲು ಅವರಿಗೆ ಉಸಿರು ಸಿಗದಾಯಿತು. ಬಾಯಿಗೆ ಹೊಡೆದುಕೊಳ್ಳುವ ಪಂಪಿನಿಂದ ಏನೂ ಆಗಲಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿದರೆ ಅದು ಬೇರೆ ಊರಿಗೆ ಹೋಗಿತ್ತು. ನಾವು ಅವರನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿದೆವು. ಕಾಕಾ ಚಾವಿ ತಿರುವಿದರು. ಅದು ನರಳಿತು. ಮತ್ತೆ ತಿರುವಿದರು. ಇಳಿದು ಹೋಗಿ ಬಾನೆಟ್ ಎತ್ತಿ ಏನನ್ನೋ ಅಲುಗಾಡಿಸಿ ಬಂದರು. ಮತ್ತೆ ನರಳಿತು. ನಾನು ಓಣಿಗೆ ಓಡಿ ಜನರನ್ನು ಎಬ್ಬಿಸಿ ತಂದೆ, ತಳ್ಳಲು. ಆಗ ಕಾಕಿ, ಒಂದೊಂದು ಶಬ್ದಕ್ಕೂ ಒಂದೊಂದು ಉಸಿರು ಖರ್ಚು ಮಾಡುತ್ತ, ‘ಏನ್ರಿ… ನಾ ಇಳದು… ದೂಕಲೇನು?’ ಎಂದರು.

ಕಾಕಾ ನಗಲಿಲ್ಲ. ಅವರ ಕೈ ಚಾವಿಯ ಮೇಲಿತ್ತು. ಆ ಕೈ ಸಾವಿರ ಕರುಗಳನ್ನು ಹೊರಗೆ ಎಳೆದದ್ದು. ಅಂದು ಅದು ಒಂದು ಕಾರನ್ನು ಎಬ್ಬಿಸಲಾಗದೆ ಚಾವಿಯನ್ನು ತಿರುವುತ್ತಲೇ ಇತ್ತು.

ಓಣಿಯವರೆಲ್ಲ ಸೇರಿ ತಳ್ಳಿ, ಗುಡಿಯ ಮುಂದಿನ ಇಳಿಜಾರಿನಲ್ಲಿ ಕಾರು ಎದ್ದಿತು. ಜೇವರ್ಗಿ ಮುಟ್ಟುವಾಗ ಬಿಸಿಲು ಬಿದ್ದಿತ್ತು. ಕಾಕಿ ಉಳಿದರು. ಡಾಕ್ಟರರು ಕಾಕಾನನ್ನು ಬದಿಗೆ ಕರೆದು, ‘ಇನ್ನು ಸ್ವಲ್ಪ ತಡವಾಗಿದ್ದರೆ…’ ಎಂದು ನಿಲ್ಲಿಸಿದರು. ಆ ಅರ್ಧ ವಾಕ್ಯವನ್ನು ಕಾಕಾ ಮನೆಗೆ ತಂದರು. ಅಂದಿನಿಂದ ಅವರ ಬದುಕಿನಲ್ಲಿ ಉಳಿದದ್ದು ಒಂದೇ ಗುರಿ: ಮುಂದಿನ ತೊಗರಿ ರಾಶಿಯೊಳಗೆ ಈ ಕಾರು ಒಂದೇ ಚಾವಿಗೆ ಏಳಬೇಕು.

ಚಿಕಿತ್ಸೆ ಪದ್ಧತಿಯಂತೆ ಪ್ರಶ್ನೆಯಿಂದ ಶುರುವಾಯಿತು. ಕಾರಿಗಂತೂ ಬಾಯಿಲ್ಲ. ಹಾಗಾಗಿ ಕಾಕಾ ನಮ್ಮಿಬ್ಬರನ್ನೇ ಕೇಳಿದರು. ನಿನ್ನೆ ಯಾರಾದರೂ ಬಾಗಿಲು ಜೋರಾಗಿ ಹಾಕಿದಿರಾ? ಹಾರ್ನ್ ಬಡಿದಿರಾ? ಬೈದಿರಾ? ‘ನಾ ಬೈಯೂದು ನಿಮಗ. ಗಾಡಿಗಿ ಯಾಕ ಬೈಲಿ?’ ಎಂದರು ಕಾಕಿ.

ಮೊದಲ ಸಂಶಯ ಮೇವಿನ ಮೇಲೆ ಬಿತ್ತು. ಪೆಟ್ರೋಲ್ ಬಂಕಿನಲ್ಲಿ ಕಾಕಾ ಅಂಗೈಗೆ ಎರಡು ಹನಿ ಹಾಕಿಸಿಕೊಂಡು ಮೂಸಿ ನೋಡತೊಡಗಿದರು. ಬಂಕಿನವನು, ‘ಸಾಹೇಬ್ರ, ಇದು ತುಪ್ಪ ಅಲ್ರಿ’ ಎಂದ. ಕಾಕಾ ಬೇರೆ ಬಂಕಿಗೆ ಹೋದರು. ಮೇವು ಬದಲಾಯಿತು, ಬ್ಯಾನಿ ಬದಲಾಗಲಿಲ್ಲ.

ಆಮೇಲೆ ಥಂಡಿ. ಬೆಳಗಿನ ಹೊತ್ತೇ ಏಳುವುದಿಲ್ಲವೆಂದರೆ ರಾತ್ರಿ ಮೈ ತಣ್ಣಗಾಗುತ್ತಿದೆ ಎಂದು ಅರ್ಥ. ಕಾಕಿ ಮದುವೆಯಲ್ಲಿ ತವರಿನಿಂದ ತಂದ ಕೌದಿ ಬಾನೆಟ್ಟಿನ ಮೇಲೇರಿತು. ಹಳೆಯ ಸೀರೆಯ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಅವರ ಅವ್ವ ಹೊಲಿದ ಕೌದಿ. ‘ನನಗ ಹೊಚ್ಚಿಕೊಳ್ಳಾಕ?’ ಎಂದು ಕಾಕಿ ಕೇಳಿದ್ದಕ್ಕೆ, ಕಾಕಾ ಅಂಗಡಿಯಿಂದ ಅವರಿಗೆ ಹೊಸ ರಗ್ಗು ತಂದರು. ಕೌದಿ ಮಾತ್ರ ಕಾರಿಗೇ ಉಳಿಯಿತು. ಪಕ್ಕದ ಮನೆಯ ದೊಡ್ಡವ್ವ ಗೋಡೆಯ ಮೇಲಿನಿಂದ ಇಣುಕಿ, ‘ಬಾಣಂತಿ ಮಲಗಿಸಿದಂಗ ಮಲಗಿಸ್ಯಾನ ನೋಡ್ರಿ! ಲೋಬಾನ ಹಾಕೂದೊಂದು ಬಾಕಿ ಅದ’ ಎಂದರು. ಕಾಕಾ ಒಂದು ಕ್ಷಣ ಲೋಬಾನದ ಬಗ್ಗೆಯೂ ಯೋಚಿಸಿದರೆಂದು ನನ್ನ ಅನುಮಾನ.

ನಡುನಡುವೆ ತಾಲೀಮು ನಡೆಯುತ್ತಿತ್ತು. ಕಾಕಾ ಇದ್ದಕ್ಕಿದ್ದಂತೆ ಅಂಗಳದಲ್ಲಿ ನಿಂತು, ‘ಏಳು! ದಮ್ಮು ಬಂದದ ಅಂತ ತಿಳಕೋ!’ ಎಂದು ಕೂಗುವರು. ನಾನು ಚೀಲ ಹಿಡಿದು ಓಡಬೇಕು. ಕಾಕಿ ಕೈಯ ಹಿಟ್ಟು ಹಾಗೇ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂರಬೇಕು.

‘ರೊಟ್ಟಿ ಹಂಚಿನ ಮ್ಯಾಲೆ ಅದ್ರಿ, ಹೊತ್ತತದ!’

‘ದಮ್ಮು ಬಂದೋರು ಇಷ್ಟು ಮಾತಾಡ್ತಾರೇನು? ಸುಮ್ಮ ಕುಂಡ್ರು ಬೇ.’

‘ದಮ್ಮು ಬಂದಾಗೂ ಮಾತಾಡೀನಿ. ಮರತ್ರೇನು?’

ಕಾಕಾ ಚಾವಿ ತಿರುವುವರು. ಅದು ನರಳುವುದು. ಹೊತ್ತಿದ ರೊಟ್ಟಿಯನ್ನು ಅಂದು ಅವರೇ ತಿನ್ನುವರು.

ಕೊನೆಗೆ ಜೇವರ್ಗಿಯ ಗ್ಯಾರೇಜಿನ ಮಿಸ್ತ್ರಿಯನ್ನು ಕರೆಸಿದರು. ಇಬ್ಬರು ವೈದ್ಯರು ಒಂದು ರೋಗಿಯ ಎದುರು ನಿಂತಾಗ ಏನಾಗುತ್ತದೋ ಅದೇ ಆಯಿತು. ಮಿಸ್ತ್ರಿ ನೇರ ಸ್ಪ್ಯಾನರ್ ತೆಗೆದ. ಕಾಕಾ ಅವನ ಕೈ ಹಿಡಿದರು.

‘ಮೊದಲ ಕೇಳಪಾ.’

‘ಯಾರಿಗಿ ಕೇಳ್ಲಿ ಡಾಕ್ಟರ್ ಸಾಬ್? ಗಾಡಿಗಾ?’

‘ನನಗ ಕೇಳು.’

ಮಿಸ್ತ್ರಿ ಸ್ಪ್ಯಾನರ್ ಹಿಡಿದುಕೊಂಡೇ ಕೇಳಿದ, ಕಾಕಾ ಸಾವಕಾಶವಾಗಿ ಹೇಳಿದರು. ಕಾರು ಕೊಂಡ ದಿನದಿಂದ ಹಿಡಿದು ಹೇಳಿದರು. ಚಹ ಎರಡು ಸಲ ಬಂತು. ಕಡೆಗೆ ಮಿಸ್ತ್ರಿ ಬ್ಯಾಟರಿಯ ಮೇಲೆ ಬೆರಳು ಆಡಿಸಿ, ಬೆರಳಿಗೆ ಹತ್ತಿದ ಬಿಳಿ ಪುಡಿ ತೋರಿಸಿದ. ‘ನೋಡ್ರಿ, ಉಪ್ಪು ಹಿಡದದ. ಹಳೀ ಬ್ಯಾಟರಿಗಿ ಇದು ಬರೂದೇ. ಎರಡೂ ಕೊನೀಗಿ ವೈರ್ ಬಿಗಿ ಸಿಗವಲ್ದು, ಕರೆಂಟು ಪೂರಾ ಹೋಗವಲ್ದು, ಸೆಲ್ಫ್ ಎತ್ತವಲ್ದು. ಹೊಸಾ ಬ್ಯಾಟರಿ ಹಾಕ್ರಿ, ಪಕ್ಕಾ ಗುಣ.’

ಹೊಸ ಬ್ಯಾಟರಿ ಬಂತು. ಮರುದಿನ ಬೆಳಿಗ್ಗೆ ಕಾರು ಒಂದೇ ಚಾವಿಗೆ ಎದ್ದಿತು! ಕಾಕಾ ಅದನ್ನು ನಿಲ್ಲಿಸಿ ಮತ್ತೆ ಎಬ್ಬಿಸಿದರು, ಮತ್ತೆ ನಿಲ್ಲಿಸಿ ಮತ್ತೆ ಎಬ್ಬಿಸಿದರು. ಕಾಕಿ ಸಕ್ಕರೆ ಹಂಚಿದರು. ಕೌದಿ ಮನೆಯೊಳಗೆ ಬಂತು.

ಕೆಲವು ವಾರಗಳಾದ ಮೇಲೆ ಕೌದಿ ಮತ್ತೆ ಕೊಟ್ಟಿಗೆಗೆ ಹೋಯಿತು. ಹೊಸ ಬ್ಯಾಟರಿಯ ಕೊನೆಗಳಿಗೂ ಅದೇ ಬಿಳಿ ಪುಡಿ ಹತ್ತಿತ್ತು. ಮಿಸ್ತ್ರಿ ಬಂದು ಕೆರೆದು ಒರೆಸಿ ಹೋದರೆ ಸ್ವಲ್ಪ ದಿನ ಗುಣ. ಆಮೇಲೆ ಮತ್ತೆ ನರಳಾಟ. ‘ಹೊಸಾ ಬ್ಯಾಟರಿಗಿ ಇಷ್ಟು ಲಗೂನ ಉಪ್ಪು ಹಿಡಿಯೂದು ನಾ ನೋಡಿಲ್ಲ’ ಎಂದು ಮಿಸ್ತ್ರಿಯೂ ಕೈ ಚೆಲ್ಲಿದ. ಮತ್ತೆ ಮತ್ತೆ ಮರುಕಳಿಸುವ ರೋಗಕ್ಕೆ ಮೂಲ ರೋಗಿಯ ಮೈಯಲ್ಲಿಲ್ಲ, ಕೊಟ್ಟಿಗೆಯಲ್ಲಿರುತ್ತದೆ ಎಂದರು ಕಾಕಾ. ಕೊಟ್ಟಿಗೆಗೆ ಸುಣ್ಣ ಬಳಿಸಿದರು. ಕಾರಿನ ಪುಣ್ಯದಿಂದ ಗೋಡೆ ಬೆಳ್ಳಗಾಯಿತು.

ಅಷ್ಟರಲ್ಲಿ ಈ ವರ್ಷದ ತೊಗರಿ ಹೂವಾಗಿ, ಕಾಯಾಗಿ, ಒಣಗತೊಡಗಿತು. ಹೊಲದ ಕಡೆಯಿಂದ ಗಾಳಿ ಬೀಸಿದಾಗಲೆಲ್ಲ ಕಾಕಾ ಕೈಯಲ್ಲಿದ್ದ ಕೆಲಸ ಬಿಟ್ಟು ಕಾಕಿಯ ಎದೆಯ ಏರಿಳಿತ ನೋಡುತ್ತಿದ್ದರು. ನೋಡಲಿಲ್ಲವೆಂಬಂತೆ ನೋಡುತ್ತಿದ್ದರು. ಊಟ ಕಡಿಮೆಯಾಯಿತು. ‘ಈಗ ಇವರು ಮೆಲುಕು ಹಾಕವಲ್ರು’ ಎಂದು ಕಾಕಿ ನನ್ನ ಬಳಿ ಮೆಲ್ಲಗೆ ಹೇಳಿದರು. ಅದರಲ್ಲಿ ನಗು ಅರ್ಧವೇ ಇತ್ತು.

ಬೆಳಿಗ್ಗೆ ನನ್ನನ್ನು ಜೇವರ್ಗಿಗೆ ಬಿಡುವುದು ಕಾರಿಗೊಂದು ವ್ಯಾಯಾಮವೆಂದು ಕಾಕಾ ಗೊತ್ತುಮಾಡಿದ್ದರು. ದಿನಾ ತಿರುಗಾಡಿಸದಿದ್ದರೆ ಕಾಲು ಹಿಡಿಯುತ್ತದಂತೆ. ಕಾರು ಹೊತ್ತಿಗೆ ಏಳದಿದ್ದರೆ ನಾನು ಬಸ್ಸು ಹಿಡಿಯುತ್ತೇನೆ. ಒಂದು ಸಂಜೆ ಚಹ ಕುಡಿಯುತ್ತ, ಏನೋ ನೆನಪಾಗಿ ನಾನು ಹೇಳಿದೆ: ‘ಕಾಕಾ, ನಾ ಬಸ್ಸಿಗಿ ಹೋಗೂದು ಬಹಳ ಮಾಡಿ ಮಂಗಳವಾರನ.’

ಕಾಕಾ ಬಟ್ಟಲು ಕೆಳಗಿಟ್ಟರು. ಆಮೇಲೆ ಕೇಳಿದರು: ‘ಹೋದ ವರ್ಷ ಅಕಿಗಿ ಎದಿ ಕಟ್ಟಿದ್ದು ಯಾವ ವಾರ ಬೇ?’

ನಾನು ಲೆಕ್ಕ ಹಾಕಿದೆ. ಮಂಗಳವಾರ.

‘ಹಂಗಾರ ಇದು ಪಾಳಿ ಜ್ವರ, ಗೊತ್ತಾದ ದಿನಕ್ಕ ಬರೂದು. ಸೋಮವಾರ ಏನೋ ಆಗಾಕತ್ತದ.’

ಸೋಮವಾರ ನಮ್ಮ ಕಡೆ ಎತ್ತುಗಳಿಗೆ ನೊಗ ಹೂಡುವುದಿಲ್ಲ. ಅದು ಬಸವಣ್ಣನ ವಾರ. ಬಿಡುವಾಗಿರುವ ಎತ್ತುಗಳನ್ನು ರೈತರು ತೋರಿಸಲು ತರುತ್ತಾರೆಂದು ಕಾಕಾ ಸೋಮವಾರ ಬೆಳಿಗ್ಗೆ ನನ್ನನ್ನು ಬಿಟ್ಟು ಬಂದವರೇ ಗುಡಿಯ ಕಟ್ಟೆಯ ಮೇಲೆ ಕೂರುತ್ತಾರೆ. ಅಂದರೆ ಸೋಮವಾರದ ಬೆಳಗು ಕಾರು ಅವರ ಕಣ್ಣೆದುರು ಇರುವುದಿಲ್ಲ. ‘ಇಲಿ ಇರಬೇಕು’ ಎಂದೆ. ‘ಇಲಿಗಿ ವಾರ ಗೊತ್ತಿರೂದಿಲ್ಲ’ ಎಂದರು ಕಾಕಾ. ಯಾರೋ ಬೇಕೆಂದೇ ಏನೋ ಮಾಡುತ್ತಿದ್ದಾರೆಂದು ಇಬ್ಬರಿಗೂ ಅನಿಸಿತು.

ಮರು ಸೋಮವಾರ ನನ್ನ ಕಾಲೇಜಿಗೆ ರಜೆ ಇತ್ತು. ಕಾಕಾ ಎಂದಿನಂತೆ ಟವೆಲ್ ಹೆಗಲಿಗೆ ಹಾಕಿ ಹೊರಟರು. ಸ್ವಲ್ಪ ಹೊತ್ತಿಗೆ ಹಿಂದಿನ ಓಣಿಯಿಂದ ಬಂದು, ಹಿತ್ತಲಿನಲ್ಲಿದ್ದ ಜೋಳದ ಕಣಿಕೆಯ ಬಣವೆಯ ಹಿಂದೆ ಕೂತರು. ನನ್ನನ್ನೂ ಕರೆದರು. ಮಾಲಕರು ಎದುರಿಗಿದ್ದರೆ ದನ ಬ್ಯಾನಿ ಮುಚ್ಚಿಡುತ್ತದೆ, ಆದ್ದರಿಂದ ಮರೆಯಲ್ಲಿ ಕೂತು ನೋಡಬೇಕೆಂಬುದು ಅವರ ವಾದ. ಸ್ನಾತಕೋತ್ತರ ಪದವಿ ಪಡೆದ ನಾನು, ಬಣವೆಯ ಹಿಂದೆ, ಕಾರೊಂದು ತನ್ನಷ್ಟಕ್ಕೆ ಏನು ಮಾಡುತ್ತದೆಂದು ನೋಡುತ್ತ ಕೂತೆ. ಈ ದೃಶ್ಯ ನನ್ನ ಸಹೋದ್ಯೋಗಿಗಳಿಗೆ ಎಂದೂ ತಿಳಿಯದಿರಲಿ!

ಬಂದದ್ದು ಇಲಿಯಲ್ಲ, ಕಳ್ಳನೂ ಅಲ್ಲ. ಕಾಕಿ ಬಂದರು.

ಮಿಂದು, ಒದ್ದೆ ಕೂದಲಿಗೆ ಸೆರಗು ಹೊದ್ದು, ಒಂದು ಕೈಯಲ್ಲಿ ತೆಂಗಿನಕಾಯಿಯ ನೀರಿನ ತಂಬಿಗೆ, ಇನ್ನೊಂದು ಕೈಯಲ್ಲಿ ವಿಭೂತಿಯ ಗಟ್ಟಿ ಹಿಡಿದು ಬಂದರು. ಕೌದಿ ಸರಿಸಿದರು. ಕಾರಿನ ಬಾಗಿಲು ತೆರೆದು ಒಳಗಿನ ಕೊಂಡಿ ಎಳೆದರು. ಕಾರು ಮನೆಗೆ ಬಂದ ದಿನ ಕಾಕಾನೇ ಅವರಿಗೆ ತೋರಿಸಿದ ಕೊಂಡಿ. ಬಾನೆಟ್ ಎತ್ತಿ, ಕಡ್ಡಿಯನ್ನು ಆನಿಸಿ, ಸರಿಯಾಗಿ ‘ಜೀವ’ದ ಮುಂದೆ ನಿಂತರು. ವಿಭೂತಿಯನ್ನು ನೀರಿನಲ್ಲಿ ತೇಯ್ದು ಬ್ಯಾಟರಿಯ ಮೇಲೆ ಮೂರು ಬೆರಳಿನಿಂದ ಎಳೆದರು. ಆಮೇಲೆ ಎರಡೂ ಕೊನೆಗಳಿಗೆ, ಬಸವಣ್ಣನ ಕೊಂಬುಗಳಿಗೆ ಹಚ್ಚುವ ಹಾಗೆ, ಸುತ್ತಲೂ ದಟ್ಟವಾಗಿ ಹಚ್ಚಿದರು. ಮೇಲೆ ತೆಂಗಿನಕಾಯಿಯ ನೀರು ಹನಿಸಿದರು. ಒಣಗಿದ ಮೇಲೆ ಅದು ವೈರಿನ ಸಂದಿಯಲ್ಲಿ ಬಿಳಿ ಪುಡಿಯಾಗುತ್ತದೆ. ಯಾರ ಬೆರಳಿಗೆ ಹತ್ತಿದರೂ ಉಪ್ಪೆಂದೇ ಅನಿಸುತ್ತದೆ.

ನನಗೆ ನಗು ಬಂತು. ಬಾಯಿಗೆ ದುಪಟ್ಟಾ ಒತ್ತಿಕೊಂಡೆ. ಕಾಕಾ ಏಳಲು ಹೊರಟರು. ಬಹುಶಃ ಕೂಗಲೆಂದೇ. ಅಷ್ಟರಲ್ಲಿ ಕಾಕಿ ಕೈ ಮುಗಿದು ಮಾತಾಡತೊಡಗಿದರು. ಅವರು ದೇವರೊಂದಿಗೆ ಗಟ್ಟಿಯಾಗಿಯೇ ಮಾತಾಡುತ್ತಾರೆ.

‘ನೋಡಪಾ ಬಸವಣ್ಣ, ನನ್ನ ಹೊತ್ತು ಬಂದಾಗ ನಾ ಹೋಗಾಕಿನ. ಅದಕ್ಕ ನಿನಗ ಬೇಡಾಂಗಿಲ್ಲ. ಆದರ ನೀ ಏಳೂದು ತಡಾ ಆಗಿ ನಾ ಹೋದೆ ಅಂತ ಮಾತ್ರ ಆಗಬಾರದು. ಅವರು ಜೀವ ಇರೋತನಾ ತಮ್ಮ ಕೈಗೇ ಬೈಕೋತಾರ. ಅಷ್ಟೊಂದು ನಡಿಸಿಕೊಡು. ಅವರ ಕೈ ಸೋಲಬಾರದು.’

ಬಾನೆಟ್ ಮುಚ್ಚಿ, ಕೌದಿಯನ್ನು ಮೊದಲಿನಂತೆ ಹೊದಿಸಿ, ಅಂಚು ಸರಿಮಾಡಿ, ಅವರು ಒಳಗೆ ಹೋದರು.

ಏಳಲು ಹೊರಟಿದ್ದ ಕಾಕಾ ಮತ್ತೆ ಬಣವೆಗೆ ಒರಗಿ ಕೂತರು. ಒಂದು ಕಣಿಕೆಯ ದಂಟನ್ನು ಸಿಗಿಯತೊಡಗಿದರು. ನಾನು ಕೇಳಿದೆ.

‘ಕಾಕಿಗಿ ಹೇಳಬೇಕಲ್ಲ ಕಾಕಾ?’

‘ಏನಂತ?’

‘ವಿಭೂತಿಯಿಂದನ ಇದು ಆಗ್ಯದಂತ.’

‘ಅಕಿ ಬೇಡಿಕೊಂಡದ್ದು ಕೇಳಿದಿಲ್ಲ? ನೀ ಬೇಡಿಕೊಂಡದ್ದರಿಂದನ ಗಾಡಿ ಏಳಲಿಲ್ಲ, ನಿನ್ನ ಜೀವಕ್ಕ ನೀನ ಅಡ್ಡ ಬಂದಿ ಅಂತ ಹ್ಯಾಂಗ ಹೇಳ್ಲಿ ಬೇ? ಹೇಳಿದ್ರ ಅಕಿ ಮುಂದ ಯಾವ ದೇವರ ಮುಂದ ನಿಂದರ್ತಾಳ?’ ದಂಟನ್ನು ಎಸೆದರು. ‘ಎಮ್ಮಿ ಕರೂನ ನೆಕ್ಕಿ ನೆಕ್ಕಿ ಗಾಯ ಮಾಡತದ. ಹಂಗಂತ ಎಮ್ಮಿಗಿ ಬಡೀತೀವೇನು? ಗಾಯಕ್ಕ ಪಟ್ಟಿ ಕಟ್ಟತೀವಿ.’

ಪಟ್ಟಿ ಕಟ್ಟಿದರು. ಅಂದೇ ಮಧ್ಯಾಹ್ನ ಕಾಕಿ ಮಲಗಿದ್ದಾಗ, ಬ್ಯಾಟರಿಯ ವೈರುಗಳನ್ನು ಬಿಚ್ಚಿ, ಬಿಸಿ ನೀರಿಗೆ ಸೋಡಾ ಹಾಕಿ ಕೊನೆಗಳನ್ನು ತೊಳೆದರು. ಅವು ಹೊಳೆಯುವವರೆಗೆ ಒರೆಸಿ, ಬಿಗಿದು, ವ್ಯಾಸಲಿನ್ ಮೆತ್ತಿದರು. ಹಳೆಯ ಸೈಕಲ್ ಟ್ಯೂಬಿನ ತುಂಡುಗಳನ್ನು ನೀರು ಇಳಿಯದ ಹಾಗೆ ಸುತ್ತಲೂ ಬಿಗಿಯಾಗಿ ಸುತ್ತಿ ಕಟ್ಟಿದರು. ಮುರಿದ ಕಾಲಿಗೆ ಕಟ್ಟು ಹಾಕುವಷ್ಟು ಅಚ್ಚುಕಟ್ಟಾಗಿತ್ತು.

ಸಂಜೆ ಅವರೇ ಕಾಕಿಯನ್ನು ಕರೆದು ತೋರಿಸಿದರು. ಯಾಕೆಂದು ನನಗೆ ಮೊದಲು ಹೊಳೆಯಲಿಲ್ಲ. ಕಾಕಿ ಬಗ್ಗಿ ನೋಡಿ, ಸ್ವಲ್ಪ ಗಾಬರಿಯಿಂದ, ‘ಇದೇನ್ರಿ ಕರೀ ಟೊಪ್ಪಿಗಿ ಹಾಕೀರಿ?’ ಎಂದರು.

‘ಥಂಡಿಗಿ. ಇದರ ಮ್ಯಾಲೆ ಏನು ಹಚ್ಚಿದ್ರೂ ನಡೀತದ,’ ಎಂದು ಕಾಕಾ ಬೇರೆಲ್ಲೋ ನೋಡುತ್ತ ಹೇಳಿದರು, ‘ಇದನ್ನ ಬಿಚ್ಚಬಾರದು ಅಷ್ಟ.’

ಮರು ಸೋಮವಾರ ಸಂಜೆ ಕಾಕಿ ತಾವಾಗಿಯೇ ನನ್ನನ್ನು ಕೊಟ್ಟಿಗೆಗೆ ಕರೆದೊಯ್ದು ತಮ್ಮ ಕೆಲಸ ತೋರಿಸಿದರು. ‘ನೋಡು ಬೇ, ಕರೀದರ ಮ್ಯಾಲೆ ವಿಭೂತಿ ಎಷ್ಟು ಚಂದ ಕಾಣತದ!’ ಮಂಗಳವಾರ ನಾನು ಬಸ್ಸಿಗೆ ಹೋಗಲಿಲ್ಲ.

ರಾಶಿ ಶುರುವಾದ ವಾರವೇ ದಮ್ಮು ಬಂತು. ಬೆಳಗಿನ ಚಹದ ಹೊತ್ತು. ಕಾಕಿ ಒಲೆಯ ಮುಂದೆ ಕೂತಲ್ಲೇ ಗೋಡೆ ಹಿಡಿದರು. ತಾಲೀಮು ಎಷ್ಟು ಚೆನ್ನಾಗಿ ನಡೆದಿತ್ತೆಂದರೆ ಯಾರೂ ಯಾರಿಗೂ ಏನೂ ಹೇಳಬೇಕಾಗಲಿಲ್ಲ. ನಾನು ಚೀಲ ಹಿಡಿದೆ, ಒಲೆ ಆರಿಸಿದೆ. ಕಾಕಾ ಅವರನ್ನು ಎತ್ತಿಕೊಂಡೇ ಕೊಟ್ಟಿಗೆಗೆ ನಡೆದರು. ಕೌದಿಯನ್ನು ಎಳೆದು ನೆಲಕ್ಕೆ ಬಿಟ್ಟು, ಸೀಟಿನಲ್ಲಿ ಕೂತು, ಚಾವಿ ಹಾಕಿ, ಒಂದು ಕ್ಷಣ ತಡೆದರು. ನಾನು ಹಿಂದಿನ ಸೀಟಿನಿಂದ ಅವರ ಕತ್ತಿನ ನರವನ್ನಷ್ಟೇ ನೋಡುತ್ತಿದ್ದೆ.

ತಿರುವಿದರು. ಕಾರು ಎದ್ದಿತು. ನರಳದೆ, ಕೆಮ್ಮದೆ, ಕರೆದೊಡನೆ ಓಗೊಟ್ಟವರ ಹಾಗೆ ಎದ್ದಿತು.

ಜೇವರ್ಗಿಯ ಆಸ್ಪತ್ರೆಯಲ್ಲಿ ಮೂಗಿಗೆ ಮಾಸ್ಕ್ ಹಾಕಿ ಔಷಧದ ಹೊಗೆ ಕೊಟ್ಟರು. ಬಹಳ ಹೊತ್ತಾದ ಮೇಲೆ ಕಾಕಿಯ ಹೆಗಲುಗಳು ಇಳಿದವು. ಡಾಕ್ಟರರು, ‘ಈ ಸಲ ಲಗೂನ ತಂದ್ರಿ, ಚಲೋ ಆತು’ ಎಂದು ಪೂರ್ತಿ ವಾಕ್ಯ ಹೇಳಿ ಹೋದರು. ಕಾಕಿ ಮಾಸ್ಕನ್ನು ಸ್ವಲ್ಪ ಸರಿಸಿ ಕಾಕಾನನ್ನು ಕರೆದರು.

‘ನಿಮಗೊಂದು ಹೇಳ್ಲಿಲ್ಲ ನಾ. ಗಾಡಿ ನರಳಾಕತ್ತಿದಾಗಿಂದ ಪ್ರತಿ ಸೋಮವಾರ ಅದಕ್ಕ ಪೂಜಿ ಮಾಡಾಕತ್ತೀನಿ. ನೀವು ನಗತೀರಂತ ಹೇಳಿದ್ದಿಲ್ಲ. ಇವತ್ತ ನೋಡಿದ್ರಿಲ್ಲ, ಹ್ಯಾಂಗ ಎದ್ದಿತು?’

ಕಾರಣ ಕೇಳದೆ ಒಂದು ಜಂತುವಿನ ಗುಳಿಗೆಯನ್ನೂ ಕೊಡದ ನಮ್ಮ ಕಾಕಾ, ಅವರ ಮಾಸ್ಕನ್ನು ಮತ್ತೆ ಸರಿಯಾಗಿ ಕೂರಿಸಿ, ‘ಮತ್ತ? ನಿಂದೇ ಎಲ್ಲಾ’ ಎಂದರು. ನನ್ನ ಕಡೆ ನೋಡಲಿಲ್ಲ. ನಾನೂ ಕಿಟಕಿಯ ಕಡೆ ನೋಡಿದೆ.

ಮಧ್ಯಾಹ್ನ ಮನೆಗೆ ಹೊರಟೆವು. ದಾರಿಯುದ್ದಕ್ಕೂ ರಾಶಿಯ ಮಷೀನುಗಳು ಹೊಟ್ಟು ಎಬ್ಬಿಸುತ್ತಿದ್ದವು. ಕಾಕಾ ಗಾಜುಗಳನ್ನೆಲ್ಲ ಏರಿಸಿ, ಮೆಲ್ಲಗೆ, ತುಂಬಿದ ಕೊಡ ಹೊತ್ತವರ ಹಾಗೆ ನಡೆಸಿದರು. ಅರ್ಧ ದಾರಿಯಲ್ಲಿ ಕಾಕಿಗೆ ನಿದ್ದೆ ಹತ್ತಿತು. ತಲೆ ಗಾಜಿಗೆ ವಾಲಿತು. ಎಷ್ಟೋ ದಿನಗಳ ನಂತರ ಅವರ ಉಸಿರಿಗೆ ಶಬ್ದವಿರಲಿಲ್ಲ.

ಮನೆಯ ಮುಂದೆ, ಬೇವಿನ ನೆರಳಿನಲ್ಲಿ ಕಾರು ನಿಂತಿತು. ನಾನು ಸದ್ದಾಗದಂತೆ ಇಳಿದು, ಬೀಗ ತೆಗೆದು, ಹಾಸಿಗೆ ಹಾಸಿ, ನೀರು ತುಂಬಿಟ್ಟು ಕಾದೆ. ಅವರು ಬರಲಿಲ್ಲ. ಹೊರಗೆ ಇಂಜಿನ್ ಓಡುತ್ತಲೇ ಇತ್ತು. ಬಾಗಿಲಿಗೆ ಬಂದು ನೋಡಿದರೆ ಪಕ್ಕದ ಮನೆಯ ದೊಡ್ಡವ್ವ ಕಾರಿನ ಹತ್ತಿರ ನಿಂತು, ‘ಯಾಕೋ ಯಪ್ಪಾ, ಮನೀ ಬಂದ್ರೂ ಗಾಡಿ ಬಂದ್ ಮಾಡವಲ್ಲಿ? ಮತ್ತ ಏಳಾಂಗಿಲ್ಲಂತ ಅಂಜಿಕೇನು?’ ಎಂದು ಕೇಳುತ್ತಿದ್ದರು.

ಕಾಕಾ ತುಟಿಯ ಮೇಲೆ ಬೆರಳಿಟ್ಟರು. ಆಮೇಲೆ ಚಾವಿಯನ್ನು ತೋರಿಸಿ, ಪಕ್ಕದಲ್ಲಿ ಮಲಗಿದ್ದವರನ್ನು ತೋರಿಸಿ, ಸದ್ದು ನಿಂತರೆ ಎಚ್ಚರವಾಗುತ್ತದೆ ಎಂದು ಕೈಯಲ್ಲೇ ಹೇಳಿದರು. ದೊಡ್ಡವ್ವ ಏನೋ ಅನ್ನಲು ಹೋಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿಂದೆ ಸರಿದರು.

ನಾನು ಹೊಸ್ತಿಲ ಮೇಲೆ ಕೂತೆ. ಬೇವಿನ ನೆರಳು ಕಾರನ್ನು ಬಿಟ್ಟು ಗೋಡೆಗೆ ಏರಿತು. ಕಾಕಾ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಎಲ್ಲಿಗೂ ಹೋಗದ ಆ ಕಾರನ್ನು ಓಡಿಸುತ್ತಲೇ ಇದ್ದರು.